ಮೈಲುತುತ್ತ

ಒಂಬತ್ತು ವರ್ಷ ನಾನು ಟೈಪು ಮಾಡಿದ ಪದ:
ಡೀನ್ ಎಂಬುದರ ಮುಂದೆ, ಬಾಗಿಲಲ್ಲಿ ಕೂತ ಜವಾನನ ಹಾಗೆ,
'ಆಕ್ಟಿಂಗ್'. ನಮ್ಮೂರಲ್ಲಿ ಅದು ನಾಟಕದವರ ಮಾತು.
ಒಮ್ಮೆ ಬೇಕೆಂದೇ ಬಿಟ್ಟೆ. ಸುಗಂಧಿ ಕರ್ಕೇರ ಮೇಡಂ
ಕನ್ನಡಕ ಏರಿಸಿ ನೋಡಿದರು,
ಹಸಿರು ಶಾಯಿಯಲ್ಲಿ ತಾವೇ ಬರೆದು ಸೇರಿಸಿದರು.
"ಇಲ್ಲದ್ದು ಹಾಕಬೇಡಿ ದೂಮಣ್ಣ, ಇದ್ದದ್ದು ತೆಗೆಯಲೂಬೇಡಿ."

ಸೊಹಾರಿನ ಈ ಕಾಲೇಜಿಗೆ ಅವರು ಬಂದಾಗ
ಲ್ಯಾಬೆಂದರೆ ಎರಡು ಸಿಂಕು, ಒಂದರಲ್ಲಿ ನೀರು,
ಹನ್ನೊಂದು ಹುಡುಗಿಯರು.
ಅಬಾಯದ ತೋಳು ಬರ್ನರಿಗೆ ತಾಗದಿರಲೆಂದು
ಸೂಕಿನಿಂದ ಬಟ್ಟೆ ಒಣಹಾಕುವ ಕ್ಲಿಪ್ಪು ತಂದು
ಮೊಣಕೈಗೆ ಎರಡೆರಡು ಸಿಕ್ಕಿಸಿದರು.
ಗೇಟಿನ ಹೊರಗೆ ಪಿಕಪ್ಪುಗಳಲ್ಲಿ ಅಪ್ಪಂದಿರು
ಎಂಜಿನ್ ಆರಿಸದೆ ಕಾಯುತ್ತಿದ್ದರು.

ವಾದಿಯ ಆಚೆ ಗುಡ್ಡಗಳಲ್ಲಿ ತಾಮ್ರ.
"ನಿಮ್ಮ ಅಜ್ಜಂದಿರು ಕರಗಿಸಿದ್ದು ಇದನ್ನೇ" ಎಂದು
ಬೀಕರಿನಲ್ಲಿ ನೂಲು ಇಳಿಬಿಟ್ಟು ನೀಲಿ ಹರಳು ಬೆಳೆಸಿದರು.
ಅರಬ್ಬಿ ಹೆಸರು ಗೊತ್ತಿರಲಿಲ್ಲ, ಇಂಗ್ಲಿಷಿನದು ಉದ್ದ,
ಬಾಯಿ ತಪ್ಪಿ ಮೈಲುತುತ್ತ ಅಂದರು.
ಹನ್ನೊಂದು ಬಾಯಿ ಹಾಗೇ ಕಲಿತವು.

ಶಂಸಾ ಬರುವುದು ನಿಂತಿತು. ನಾಲ್ಕನೇ ದಿನ ಮೇಡಂ
ಕಾಲೇಜಿನ ಕಾರು ಬೇಡವೆಂದು ನನ್ನ ಹಳೇ ಡಾಟ್ಸನ್ ಏರಿದರು.
ಕಡಲ ಬದಿ, ಚಾಪೆ ಚಾಪೆ ಬೂತಾಯಿ ಹರವಿದ ಅಂಗಳ.
ಅಪ್ಪ ಕಹ್ವಾ ಕೊಟ್ಟ, ಖರ್ಜೂರ ಕೊಟ್ಟ,
ಮಗಳ ಸುದ್ದಿ ಕೊಡಲಿಲ್ಲ.
ಇವರು ಕುಕ್ಕರಗಾಲಲ್ಲಿ ಕೂತು ಒಂದು ಮೀನು ಮುರಿದು ಮೂಸಿದರು:
"ಉಪ್ಪು ಸಾಲದು. ಇನ್ನೆರಡು ದಿನಕ್ಕೆ ಹುಳ."
ಪಡುಬಿದ್ರಿಯಲ್ಲಿ ಮೀನುಬುಟ್ಟಿ ಹೊತ್ತವಳ ಮಗಳು,
ಮುರುಕು ಅರಬ್ಬಿಯಲ್ಲಿ ಒಂದು ಗಂಟೆ ಉಪ್ಪಿನದೇ ಮಾತು.
ಕಾಲೇಜು ಎಂಬ ಪದ ಅಲ್ಲಿ ಯಾರೂ ಆಡಲಿಲ್ಲ.
ಶನಿವಾರ ಬೆಳಿಗ್ಗೆ ಪಿಕಪ್ಪು ಗೇಟಿಗೆ ಬಂತು;
ಹಿಂದೆ ಉಪ್ಪಿನ ಮೂಟೆ, ಮುಂದೆ ಶಂಸಾ.

ಸಿಹಿ ಹೆಂಗಸಲ್ಲ. ನನ್ನ ರಜೆ ಎರಡು ಸಲ ತಡೆದರು,
ಒಮ್ಮೆ ನನ್ನಪ್ಪ ಹೋದ ತಿಂಗಳು.
ಪರೀಕ್ಷೆ ಇತ್ತು, ನಿಜ. ನಾನು ಮರೆತಿಲ್ಲ, ಅದೂ ನಿಜ.

ಹತ್ತನೇ ವರ್ಷ ಮಸ್ಕತಿನಿಂದ ಆದೇಶ ಬಂತು, ಆ ಪದ ಬಿತ್ತು.
ಬಾಗಿಲಲ್ಲೇ ಓದಿ ಹೇಳಿದೆ. "ಹೂಂ" ಅಂದು
ಒಡೆದ ಬ್ಯೂರೆಟ್ಟುಗಳ ಪಟ್ಟಿ ಎಲ್ಲಿ ಎಂದರು.
ಮಧ್ಯಾಹ್ನ ಅವರ ಬಾತ್‌ರೂಮಿನ ನಲ್ಲಿ ಬಹಳ ಹೊತ್ತು ಓಡಿತು.
ಅದನ್ನು ನಾನು ಎಲ್ಲೂ ಟೈಪು ಮಾಡಿಲ್ಲ.

ಅರವತ್ತು ತುಂಬಿತು, ವೀಸಾ ತುಂಬಿತು.
ಹಸ್ತಾಂತರದ ಪಟ್ಟಿ ಅವರು ಹೇಳುತ್ತ ಹೋದರು, ನಾನು ಬಡಿಯುತ್ತ ಹೋದೆ:
ಕೀಲಿ ಹದಿನಾಲ್ಕು. ಸೀಲು ಎರಡು.
ಸಿಂಕು ಆರು, ಆರರಲ್ಲೂ ನೀರು.
ಖಾನೆಯ ಮೂಲೆಯಿಂದ ಆ ಮೊದಲ ಹರಳು ಬಂತು,
ಇಷ್ಟು ವರ್ಷ ಎಸಿಯಲ್ಲಿದ್ದು ಅಂಚು ಬಿಳಿಚಿತ್ತು.
"ಹರಳು, ಒಂದು. ಬೆಲೆ ಇಲ್ಲ."
ಇಂಗ್ಲಿಷಿನ ಸ್ಪೆಲಿಂಗ್ ಕೇಳಬೇಕೆಂದಿದ್ದೆ,
ಪಕ್ಕದಿಂದ ಲ್ಯಾಬಿನ ಮುಖ್ಯಸ್ಥೆ, ಕನ್ನಡದ ಬೇರೊಂದು ಪದ ಅರಿಯದ ಶಂಸಾ,
"ಮೈಲುತುತ್ತ" ಎಂದಳು.

ಹಾಗೇ ಟೈಪು ಮಾಡಿದೆ. ಕೆಳಗೆ ಅವಳ ಸಹಿ: ಇಸ್ತಲಮ್ತು.
ನಮ್ಮ ಕಡೆ ಅದಕ್ಕೆ 'ಮುಟ್ಟಿತು' ಅಂತೇವೆ.
ಮೇಡಂ ಕನ್ನಡಕ ಏರಿಸಿ ಹಾಳೆ ಪೂರ್ತಿ ನೋಡಿದರು,
ಹಸಿರು ಪೆನ್ನಿನ ಮುಚ್ಚಳ ತೆಗೆದರು,
ತಿದ್ದಲಿಲ್ಲ.