ಒಂದು ಕೊಂಬು

ಪುಂತಾ ಅರೇನಸ್ಸಿನ ಗಾಳಿಯಲ್ಲಿ ಬಾಗಿಲು ತೆರೆಯಬೇಕಾದರೆ
ಭುಜ ಕೊಡಬೇಕು. ಪೆಟ್ಟಿಗೆಯನ್ನು ಎದೆಗವಚಿಕೊಂಡು
ನಾನೂ ಎರ್ಸಿರಾಳೂ ಒಳಗೆ ಬಿದ್ದೆವು,
ಬಿದ್ದೆವೆಂದರೆ ಬಿದ್ದೇ ಬಿದ್ದೆವು.
ಹೊಸ ಕಂಪ್ಯೂಟರು.
ಮೂವತ್ತೊಂದು ವರ್ಷ ಬಸ್ಸು ಓಡಿಸಿದ್ದಕ್ಕೆ
ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ.

ಅದರಲ್ಲಿ ಆಡಬೇಕೆಂದಿದ್ದದ್ದೂ ಬಸ್ಸಿನ ಆಟವೇ.
ನಗಬೇಡಿ, ಎರ್ಸಿರಾ ಆಗಲೇ ನಕ್ಕಾಗಿದೆ.
ಆಲ್ಪ್ಸ್ ಬೆಟ್ಟದ ತಿರುವು, ಸುರಂಗ,
ಚಿಲ್ಲರೆಗೆ ಜಗಳವಾಡದ ಪ್ರಯಾಣಿಕರು.
ನಲವತ್ತೆರಡು ಜಿಬಿ. ಡೌನ್‌ಲೋಡ್ ಒತ್ತಿದೆ.
ಉಳಿದಿರುವ ಸಮಯ: ಆರು ದಿನ.

ಆರು ದಿನ!
ಅಷ್ಟರಲ್ಲಿ ಸಾಂತ್ಯಾಗೋಗೆ ಹೋಗಿ ಬಂದುಬಿಡುತ್ತಿದ್ದೆ,
ದಾರಿಯಲ್ಲೊಂದು ಟೈರು ಬದಲಿಸಿ,
ಗಡಿಯಲ್ಲಿ ಸೇಬು ಕಸಿಯುವ ಅಧಿಕಾರಿಯೊಡನೆ
ವಾದವನ್ನೂ ಮುಗಿಸಿ.
ನೀಲಿ ಗೆರೆ ಮಾತ್ರ ಅಲ್ಲೇ ನಿಂತಿತ್ತು,
ಹಸಿರು ದೀಪ ಬಿದ್ದರೂ ಕದಲದ ಗಾಡಿಯ ಹಾಗೆ.
ಹಾರ್ನ್ ಹೊಡೆಯಲು ಜಾಗವೂ ಇಲ್ಲ.

ಕಂಪನಿಗೆ ಫೋನು ಮಾಡಿದೆ. ಬೆಚ್ಚಗಿನ ದನಿಯ ಹುಡುಗಿ.
‘ಆರಿಸಿ, ಮೂವತ್ತರವರೆಗೆ ಎಣಿಸಿ, ಮತ್ತೆ ಹಚ್ಚಿ.’
ಹದಿನೇಳಕ್ಕೆ ಎರ್ಸಿರಾ, ಬ್ರೆಡ್ಡಿಗೆ ಬೆಣ್ಣೆ ಸಾಕಾ ಎಂದಳು,
ಮತ್ತೆ ಒಂದರಿಂದ ಎಣಿಸಿದೆ.
ಆರು ದಿನ, ಐದು ಗಂಟೆ.
‘ನಮ್ಮ ಕಡೆ ದಾರಿ ಸರಿಯಿದೆ’ ಅಂದಳು ಹುಡುಗಿ.
ಈ ಮಾತು ನನಗೆ ಹಳೆಯದು.
ಡಿಪೋದಲ್ಲಿ ಕೂತವರಿಗೆ
ಎಲ್ಲ ದಾರಿಯೂ ಸರಿಯಾಗಿಯೇ ಇರುತ್ತದೆ.

ರೌಟರನ್ನು ಫ್ರಿಜ್ಜಿನ ಹಿಂದಿನಿಂದ ಎತ್ತಿ
ಕಿಟಕಿಯ ಬಳಿ ಇಟ್ಟೆ, ಜೆರೇನಿಯಂ ಕುಂಡವನ್ನು ನೆಲಕ್ಕಿಳಿಸಿ.
ಮೈಕ್ರೋವೇವಿನ ಪ್ಲಗ್ಗು ಕಿತ್ತೆ. ಸಾರು ತಣ್ಣಗೇ ಕುಡಿದೆವು.
ಆಮೇಲೆ, ಮೊದಲೇ ಹೊಳೆಯಬೇಕಿದ್ದದ್ದು ಹೊಳೆಯಿತು:
ಎರ್ಸಿರಾಳ ಒಡಕು ಫೋನನ್ನು ಪಕ್ಕದಲ್ಲೇ ಇಟ್ಟು
ವೇಗ ಅಳೆದೆ.
ಫೋನಿಗೆ ತೊಂಬತ್ತನಾಲ್ಕು.
ನನ್ನ ಹೊಸ ಕುದುರೆಗೆ ಒಂದೂ ಇಲ್ಲ.
ಹುಡುಗಿಯ ದಾರಿ ಸರಿಯೇ ಇತ್ತು.
ಮನಸ್ಸಿನಲ್ಲೇ ಕ್ಷಮೆ ಕೇಳಿದೆ, ಜೋರಾಗಿ ಅಲ್ಲ.

ಎದುರುಮನೆಯ ಯೆರ್ಕೊ ಬಂದ. ಹಡಗಿಗೆ ಬೆಸುಗೆ ಹಾಕುವವನು,
ಯಾವುದನ್ನೂ ಮುಂದಿನಿಂದ ನೋಡುವವನಲ್ಲ.
ಮೇಜಿನಡಿ ತೆವಳಿ ಟಾರ್ಚು ಬಿಟ್ಟ:
ಹಿತ್ತಾಳೆಯ ಎರಡು ಮೊಳೆಮೂತಿ, ಬೋಳು ಬೋಳು.
‘ಇಲ್ಲಿ ಏನೋ ತಿರುಗಿಸಿ ಕೂರಿಸಬೇಕಲ್ಲ, ನೊಲ್ಬೆರ್ತೊ?
ಕಪ್ಪಗೆ, ಬೆರಳುದ್ದ, ನಡುವೆ ಬಾಗುವಂಥದ್ದು?’

ಕೂಸು ಕಂಕುಳಲ್ಲೇ ಇತ್ತು,
ಊರೆಲ್ಲ ಹುಡುಕಿದವನು ನಾನು.
ಮೂಲೆಯಲ್ಲಿ ಮೊಮ್ಮಗಳು ಆಯೆಲೆನ್,
ಅವಳ ಮುಂದೆ ಕಂಪ್ಯೂಟರಿನ ಪೆಟ್ಟಿಗೆ.
ಈಗ ಅದು ಪೆಟ್ಟಿಗೆಯಲ್ಲ, ಬಸವನಹುಳು:
ಥರ್ಮೋಕೋಲಿನ ಚಿಪ್ಪು,
ಗುಳ್ಳೆಪ್ಲಾಸ್ಟಿಕ್ಕಿನ ಹೊಟ್ಟೆ,
ತಲೆಯ ಮೇಲೆ ಆಚೀಚೆ ಅಲ್ಲಾಡುವ
ಎರಡು ಕಪ್ಪು ಕೊಂಬು.

ಅಂದರೆ ಇಡೀ ದಿನ ಇವೆರಡೂ ಈ ಕೋಣೆಯಲ್ಲೇ.
ಒಂದು ಕೊಂಬಿರುವ ಹುಳು, ಒಂದು ಕೊಂಬಿಲ್ಲದ ಹುಳು.
ಕೊಂಬಿದ್ದದ್ದು ನೆಲದ ಮೇಲೆ ಸರಸರ ಓಡುತ್ತಿತ್ತು.

ಕೊಡಮ್ಮ ಅಂದೆ. ಕೊಡಲಿಲ್ಲ.
‘ಕೊಂಬಿಲ್ಲದಿದ್ದರೆ ಇದಕ್ಕೆ ದಾರಿ ಕಾಣಲ್ಲ, ತಾತ.’
ಅದಕ್ಕೇನು ಹೇಳಲಿ? ನನ್ನದಕ್ಕೂ ಅದೇ ಕಾಯಿಲೆ.
ಹೆಣಿಗೆಯ ಕಡ್ಡಿ ತೋರಿಸಿದೆ. ಬೇಡ.
ಪೆನ್ಸಿಲ್ಲು. ಬೇಡ.
ಯೆರ್ಕೊ ಬಾಯಿ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದ.
ಕೊನೆಗೆ ಬಹಳ ಯೋಚಿಸಿ
ಒಂದನ್ನು ತಿರುಗಿಸಿ ತೆಗೆದು ಕೊಟ್ಟಳು.
ಒಂದನ್ನೇ.

ಉಳಿದಿರುವ ಸಮಯ: ಎರಡು ಗಂಟೆ ಇಪ್ಪತ್ತು ನಿಮಿಷ.
ಎರಡೂ ಇದ್ದಿದ್ದರೆ ಇನ್ನೂ ಬೇಗ ಅಂದ ಯೆರ್ಕೊ.
ಇರಲಿ ಬಿಡು.
ಹೊರಗೆ ಚೌಕದಲ್ಲಿ ಜನ
ಕಟ್ಟಿದ ಹಗ್ಗ ಹಿಡಿದು ಹಿಡಿದು ನಡೆಯುತ್ತಿದ್ದಾರೆ,
ಗಾಳಿಗೆ ಯಾರೂ ಹಾರಿಹೋಗುತ್ತಿಲ್ಲ.
ಸಾರು ಮತ್ತೆ ಬಿಸಿಯಾಯಿತು.

ನೀಲಿ ಗೆರೆ ತುಂಬುತ್ತಾ ಬಂದಾಗ ಆಯೆಲೆನ್
ಒಂಟಿಕೊಂಬನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು.
‘ಇದನ್ನೂ ಬಸ್ಸಿಗೆ ಹತ್ತಿಸ್ತೀಯಾ?’
ಹತ್ತಿಸುತ್ತೇನೆ ಅಂದೆ.
ಅರ್ಧ ಟಿಕೆಟ್ಟು.