ಕಲ್ಲಿಗೆ ನೀರು ಕುಡಿಸೋದು

ಮಂಗಳೂರಂದ್ರ ಆ ಕಡಲಿನ ಮಂಗಳೂರಲ್ರಿ,
ಸುರಪುರದ ಕಡೀದು, ಗುಡ್ಡದ ಮಂಗಳೂರು.
ಬಸ್ಸಿನಾಗ ಎರಡು ಸಲ ಹೇಳಬೇಕಾಗ್ತದ.

ಗುಡ್ಡದ ಬುಡಕ ತಗಡಿನ ಶೆಡ್ಡು.
ಒಳಗ ಬೋರು ಕೊರದು ತಗದ ಕಲ್ಲು,
ಕಬ್ಬಿನ ಗಣಿಕಿಯಂಗ ಪೆಟ್ಟಿಗ್ಯಾಗ ಸಾಲು ಹಿಡದು ಮಲಗ್ಯಾವ,
ಒಂದೊಂದಕ್ಕೂ ಕೆಂಪು ಬಣ್ಣದ ನಂಬರು.
ನನ್ನ ಕೆಲಸ ಇಷ್ಟ: ಮಗ್ಗಿನಾಗ ನೀರು ತಗೊಂಡು
ಕಲ್ಲಿಗೆ ಕುಡಿಸೋದು.
ಒಣಗಿದ ಕಲ್ಲು ಬಾಯಿ ಬಿಡೂದಿಲ್ಲ.
ಹಸಿ ಆದ್ರ ಹಸಿರು ಕಾಣ್ತದ, ಹಸಿರಿನಾಗ ಬಿಳಿ ಗೆರಿ,
ಗೆರಿಯೊಳಗ ಸಾಸಿವಿಗಿಂತ ಸಣ್ಣ ಹಳದಿ.

ಫರ್ಹೀನ್ ಮೇಡಂ ಕಣ್ಣಿಗೆ ಭೂತಗನ್ನಡಿ ಹಚ್ಚಿ ಅಂದ್ರು:
"ಸಾಬಮ್ಮ, ಇದು ಕಡಲಿನ ತಳ."
ನಕ್ಕೆ. ಕಂಡಕ್ಟರನಂಗ ಇವರೂ ಊರು ತಪ್ಯಾರ ಅಂದ್ಕೊಂಡೆ.

ಇಲ್ಲ, ಖರೇನ ಅಂತ.
ಬೆಂಕಿ ಕಲ್ಲು ನೀರಾಗ ಬಿದ್ದು ದಿಂಬಿನಂಗ ಉಬ್ಬಿ ಆರಿತ್ತಂತ,
ಆರುವಾಗ ಬಿರುಕು ಬಿಟ್ಟಿತ್ತಂತ,
ಬಿರುಕಿನಾಗ ಕಡಲು ಇಳೀತಂತ, ತಣ್ಣಗ, ಸಪ್ಪಳಿಲ್ಲದಂಗ.
ಇಳದು ಇಳದು ಒಲಿ ಹತ್ರ ಹೋಗಿ
ಮ್ಯಾಲಿನ ಭಾರಕ್ಕ ಕುದಿಯಾಕೂ ಆಗದ ಕಾದು,
ಕಲ್ಲಿನ ಕಿಸೇದಿಂದ ತಾಮ್ರ, ಸತು, ಒಂದು ಚಿಟಿಕಿ ಬಂಗಾರ
ಕದ್ದುಕೊಂಡು ಮ್ಯಾಲ ಓಡಿ ಬಂತಂತ.
ಮ್ಯಾಲ ಚಳಿ.
ಕೈ ನಡುಗಿ ಕಳುವಿನ ಮಾಲು ಅಲ್ಲೇ ಚೆಲ್ಲಿತಂತ,
ಕರೀ ಹೊಗಿ ಎದ್ದಂಗ.

ಕಳ್ಳ ನೀರು ನನಗ ಗೊತ್ತಿಲ್ಲೇನು?
ನಮ್ಮ ಓಣಿ ಬೋರಿನ ನೀರು ಕಾಸಿ ನೋಡ್ರಿ.
ಕೊಡದಾಗ ಕನ್ನಡಿಯಂಥಾದ್ದು
ಹಂಡೇದಾಗ ಬಿಳೀ ಚಕ್ಕಳ ಬಿಟ್ಟು ಹೋಗ್ತದ.
ಉಳಿ ಹಿಡದು ಕೆತ್ತತೀನಿ,
ಅತ್ತಿ ಬೈತಾಳ, ಹಂಡೆ ತೂತು ಬೀಳ್ತದಂತ.
ಮೇಡಂಗ ಹೇಳಿದೆ. ಬರೆಯೋದು ಬಿಟ್ಟು
ನನ್ನ ಮಾರಿ ನೋಡಿದ್ರು ಒಂದು ಗಳಿಗಿ.
"ಅದ ಇದು" ಅಂದ್ರು. "ಹಂಡೆ ಅಷ್ಟ ದೊಡ್ಡದು."

ಆಮ್ಯಾಲ ಲ್ಯಾಬಿನ ಕಾಗದ ಬಂತು.
ಒಂದು ಲಾರಿ ಗುಡ್ಡ ಅರೆದ್ರೂ ನನ್ನ ಮೂಗುಬಟ್ಟು ಆಗೂದಿಲ್ಲಂತ.
ಶೆಡ್ಡಿಗೆ ಬೀಗ.

ಮೇಡಂ ಹಡಗ ಹತ್ತತಾರಂತ.
ಇನ್ನೂ ಕಾಯ್ತಿರೋ ತಳ ಅದಂತ ಎಲ್ಲೋ,
ಕಲ್ಲಿಗೂ ಬಿಸಿನೀರಿಗೂ ಜಗಳ ಹತ್ತಿ
ಉರಿಯೋ ಗಾಳಿನೂ ಹುಟ್ತದಂತ,
ಅದರಾಗ ದೀಪ ಹಚ್ಚಬಹುದೇನೋ ನೋಡ್ತಾರಂತ.
ಅಲ್ಲೇನು ಯಾವಾಕಿ ಹಂಡೆ ಕೆತ್ತತಾಳೋ.
"ನನ್ನೂ ಕರ್ಕೊಂಡು ಹೋಗ್ರಿ" ಅಂದೆ.
"ಅಲ್ಲಿ ಕಲ್ಲು ಹಸೀನ ಬರ್ತಾವ, ಸಾಬಮ್ಮ."

ಕಡೀ ದಿನ ಮಗ್ಗಿನಾಗ ಉಳದ ನೀರು
ನಂಬರು ಅಳಿಸಿಹೋದ ಒಂದು ತುಂಡಿನ ಮ್ಯಾಲ ಸುರುವಿದೆ.
ಹಸಿರಾತು.
ಬೀಗ ಹಾಕೂದ್ರಾಗ ಬೂದಿ ಬಣ್ಣಕ್ಕ ಬಂತು.

ಮೊನ್ನೆ ಸುರಪುರದಾಗ ಬಸ್ಸು ಹತ್ತಿದೆ.
ಹೊಸ ಕಂಡಕ್ಟರು. "ಯಾವ ಮಂಗಳೂರು? ಕಡಲಿಂದೋ?"
ಬಾಯಿತನಕ ಬಂತು. ತಡದೆ.
"ಗುಡ್ಡದ್ದು" ಅಂದೆ.
ಅವನಿಗೆ ಇನ್ನೂ ಹನ್ನೆರಡು ಟಿಕೀಟು ಹರಿಯೋದಿತ್ತು.