ರಸ್ತೆ ದಾಟಿ ನಿಂತು

ಹತ್ತೊಂಬತ್ತನೇ ವರ್ಷಕ್ಕ ಕುಂಚ ಕೈಯಾಗ ಕೊಟ್ಟು
ಬಾಬುರಾವ್ ಪೇಂಟರ್ ಹೇಳಿದ್ದು ಎರಡ ಮಾತು:
ಬಣ್ಣಕ್ಕ ಟರ್ಪೆಂಟೈನ್ ಕಡಿಮಿ ಹಾಕು.
ಬೋರ್ಡ್ ಮುಗೀತಂದ್ರ ರಸ್ತೆ ದಾಟು, ನಿಂತು ನೋಡು,
ಒಂದ ಚಹಾ ಕುಡಿ, ಆಮ್ಯಾಲ ರೊಕ್ಕಾ ಕೇಳು.

ಮೊದಲನೇದು ಪಾಲಿಸಿದೆ.
ಎರಡನೇದು ಅರ್ಧಾ.
ರಸ್ತೆ ದಾಟತಿದ್ದೆ, ಖರೆ,
ತಪ್ಪು ಹುಡುಕಾಕ.
ಒತ್ತು ಜೋತು ಬಿದ್ದೈತೇನು, ತಲಿಕಟ್ಟು ಏರೈತೇನು,
ಬಲಗಡೆ ಜಾಗಾ ಸಾಲದಂಗಾತೇನು.
ತಪ್ಪು ಸಿಗಲಿಲ್ಲಂದ್ರ ನೋಡೂದು ಮುಗೀತು,
ಸೈಕಲ್ ಹತ್ತು, ಮುಂದಿನ ಗ್ವಾಡಿ.

ಕಿಸೆದಾಗಿನ ವಹಿಯೊಳಗ ನಂಬರ್ ಬರಕೋತ ಹ್ವಾದೆ.
ನೂರು ಬೋರ್ಡ್ ಆದ ದಿನ ರಾಜಮಾ ಶಿರಾ ಮಾಡಿದ್ಲು.
ತಾಟಿನ ಮುಂದ ಕುಂತು ನಾ ಐನೂರರ ಮಾತಾಡಿದೆ.
ಐನೂರಕ್ಕ, ಸಾವಿರದ್ದು.
ಸಾವಿರಕ್ಕ ಆಕಿ ಏನೂ ಮಾಡಲಿಲ್ಲ,
ನನಗೂ ನೆನಪಾಗಲಿಲ್ಲ.
ದುರ್ಗದಬೈಲ, ದಾಜಿಬಾನ ಪೇಟೆ, ಕೊಪ್ಪೀಕರ ರೋಡು,
ಅರ್ಧಾ ಹುಬ್ಬಳ್ಳಿ ನನ್ನ ಕೈಲೆ ಹೆಸರು ಬರಸ್ಕೊಂಡ್ತು.
ನಾ ಒಂದನ್ನೂ ಓದಲಿಲ್ಲ.

ಮೊನ್ನೆ ಬ್ಯಾಸಗ್ಯಾಗ ಗಣೇಶಪೇಟಿ ಸಂದಿಯೊಳಗ
ಸ್ಕೂಟರ್ ಪಂಕ್ಚರ್ ಆತು.
ಹುಡುಗ, ಅರ್ಧಾ ತಾಸು ಕಾಕಾ, ಅಂದ.
ಚಹಾದಂಗಡಿ ಬಾಕಿನ ಮ್ಯಾಲ ಕುಂತು ತಲಿ ಎತ್ತಿದ್ರ
ಎದುರಿಗೆ: ರೇಣುಕಾ ಹಿಟ್ಟಿನ ಗಿರಣಿ.

ನನ್ನದ.
ಮೂವತ್ತೊಂದು ವರ್ಷದ್ದು, ವಹಿಯಾಗ ಏಳನೇ ನಂಬರು,
ತಗಡಿನ ಮ್ಯಾಲ ನೀಲಿ, ಅಂಚಿಗೆ ಹಳದಿ.
ನೀಲಿ, ಒಗದ ಒಗದ ಮಾಸಿದ ಲುಂಗಿಯಂಗಾಗಿತ್ತು.
ತಲಿಕಟ್ಟಿನ ಮ್ಯಾಲೆಲ್ಲಾ ಜೋಳದ ಹಿಟ್ಟು ಕುಂತು
ಅಕ್ಷರಕ್ಕ ಬಿಳೇ ಹುಬ್ಬು ಬಂದಿದ್ದವು.

ಸಣ್ಣ ಹುಡುಗಿ ಒಬ್ಬಾಕಿ, ಡಬ್ಬಿ ಕಾಲಾಗ ಇಟ್ಕೊಂಡು
ಪಾಳಿ ಕಾಯಕೋತ, ಕೂಡಿಸಿ ಕೂಡಿಸಿ ಓದತಿದ್ಲು:
ಹಿ... ಟ್ಟಿ...
ಟ್ಟಿಗೆ ನಿಂತಳು. ಬೆರಳಿಲೆ ಗಾಳಿಯಾಗ
ಆ ಒತ್ತಿನ ಸುರುಳಿ ತಿದ್ದಿದಳು.

ಅದೊಂದು ಸುರುಳಿ ಮೂರು ಸಲ ಅರಿವಿಲೆ ಒರಸಿ ಬರದಿದ್ದೆ.
ಅವತ್ತು ಹೊಟ್ಟ್ಯಾಗ ಏನೂ ಇರಲಿಲ್ಲ, ಕೈ ನಡಗತಿತ್ತು.
ಆದ್ರೂ ನೋಡು ಹೆಂಗ ಕುಂತೈತಿ,
ಬೆಕ್ಕು ಬಾಲಾ ಸುತ್ತಿಕೊಂಡು ಕುಂತಂಗ.

ಚಲೋ ಐತಿ, ಅಂದೆ.
ಜೋರಾಗೇ ಅಂದಿರಬೇಕು,
ಚಹಾದಾಂವ, ಇನ್ನೊಂದು ಕೊಡ್ಲೇನ್ರಿ, ಅಂದ.
ಕೊಡು ಅಂದೆ.

ಗಿರಣಿಯಾಂವಗ ಹೇಳೂಣಂತ ಎದ್ದಾಂವ ಹೇಳಲಿಲ್ಲ.
ಫೋನು ಹೊಡಕೋತಿತ್ತು. ಸಿಮೆಂಟ್ ಕಂಪನಿ,
ನವನಗರ, ಎಂಬತ್ತು ಫೂಟಿನ ಗ್ವಾಡಿ.
ಎಂಬತ್ತು! ಹಳೇ ರೂಢಿ, ಎದಿ ಹಾರಿತು,
ಸುಳ್ಳ್ಯಾಕ ಹೇಳಲಿ.

ಮನಿಯಾಗ ರಾಜಮಾ, ಇವತ್ತೇನು ಗಳಿಸಿದಿ, ಅಂದ್ಲು.
ಎರಡ ಚಹಾ ಖರ್ಚಾತು, ಒಂದು ಟ್ಟಿ ಸಿಕ್ತು, ಅಂದೆ.
ಆಕಿ ಹತ್ತಿರ ಬಂದು
ಹಣಿ ಮುಟ್ಟಿ ನೋಡಿದ್ಲು.

ಎಂಬತ್ತು ಫೂಟಿಗೆ ಆರು ದಿನ ಹಿಡೀತು.
ಏಳನೇ ದಿನ ಸಂಜಿಕೆ ಕುಂಚ ತೊಳದು ಕಿಸೆದಾಗ ಇಟ್ಟು
ರಸ್ತೆ ದಾಟಿದೆ.
ಬಾಬುರಾವ್ ಹೇಳಿದ ಕಾಲದ ರಸ್ತೆ ಅಲ್ಲ ಇದು,
ನಡುವ ಕಬ್ಬಿಣದ ಕಟಕಟಿ, ಎರಡೂ ಕಡೆ ಗಾಡಿ,
ದಾಟೂದ್ರಾಗ ಅರ್ಧಾ ಆಯುಷ್ಯ ಹೋಗತೈತಿ.
ಅದಕ್ಕ ಮಂದಿ ನಿಂತು ನೋಡೂದು ಬಿಟ್ಟಾರೇನೋ.

ನೋಡಿದೆ. ಒಂದು ಮ ಈಟೀಟು ಬಲಕ್ಕ ವಾಲಿತ್ತು.
ಕಣ್ಣಿಗೆ ಬಿತ್ತು. ವಾಲಲಿ ಅಂದೆ.

ಚಿಗರಿ ಬಸ್ಸೊಂದು ಬಂದು
ಎಂಬತ್ತು ಫೂಟಿನಾಗ ಅರ್ಧಾ ಮುಚ್ಚಿಬಿಟ್ಟಿತು.
ಸರಿದಂಗ ಸರಿದಂಗ, ಎಡದಿಂದ ಒಂದೊಂದ ಅಕ್ಷರ
ತಿರುಗಿ ಬಂದು ತಮ್ಮ ತಮ್ಮ ಜಾಗಾಕ್ಕ ನಿಂತವು.

ಈ ಕಡೆ ಚಹಾದಂಗಡಿ ಒಂದೂ ಇಲ್ಲ.
ಹತ್ತು ರೂಪಾಯಿ ಶೇಂಗಾ ತಗೊಂಡು
ಸಿಪ್ಪಿ ಸುಲಕೋತ, ಮತ್ತ
ಮೊದಲನೇ ಅಕ್ಷರದಿಂದ ಸುರು ಮಾಡಿದೆ.